1940ರ ಜೂನ್ 16ಕ್ಕೆ ಅರ್ಧ ಪುಟ ಕೊಡಿ: ಇತಿಹಾಸದ ಪಠ್ಯ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಶಾಲಾ ಇತಿಹಾಸದ ಪುಸ್ತಕ ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಎಲ್ಲ ಹಿರಿಯರಿಗೆ,

ಮಾನ್ಯರೇ,

ನಾನು ಧಾರವಾಡ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರು. 22 ವರ್ಷದಿಂದ ಇದೇ ಕೆಲಸ. ನಿಮ್ಮಲ್ಲಿ ಯಾರ ಮುಖಪರಿಚಯವೂ ನನಗಿಲ್ಲ. ಆದರೆ ನೀವು ಬರೆದದ್ದನ್ನು ಪ್ರತಿ ವರ್ಷ ಗಟ್ಟಿಯಾಗಿ ಓದಿ ಹೇಳುತ್ತೇನೆ. ಯಾವ ಸಾಲಿಗೆ ಮಕ್ಕಳು ಕಿವಿ ನಿಮಿರಿಸುತ್ತಾರೆ, ಯಾವ ಪುಟದಲ್ಲಿ ಆಕಳಿಸುತ್ತಾರೆ ಅಂತ ನಿಮಗಿಂತ ಚೆನ್ನಾಗಿ ನನಗೆ ಗೊತ್ತು. ಆ ಸಲುಗೆಯಿಂದ ಬರೆಯುತ್ತಿದ್ದೇನೆ.

ಒಂದು ಉತ್ತರ ಪತ್ರಿಕೆಯಿಂದ ಶುರು ಮಾಡುತ್ತೇನೆ. ಕಳೆದ ವರ್ಷದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎರಡನೇ ಮಹಾಯುದ್ಧದ ಆರಂಭದ ಘಟನೆಗಳ ಬಗ್ಗೆ 4 ಅಂಕದ ಪ್ರಶ್ನೆ ಬಂದಿತ್ತು. ನಮ್ಮ ಶಾಲೆಯ ಪತ್ರಿಕೆಗಳನ್ನು ಬೇರೆ ಶಾಲೆಯವರು ತಿದ್ದಿದರು. ನಮ್ಮ ಒಬ್ಬ ಹುಡುಗಿ ಪೋಲೆಂಡ್ ಬರೆದಿದ್ದಳು, ಡಂಕರ್ಕ್ ಬರೆದಿದ್ದಳು, ಪ್ಯಾರಿಸ್ ಬಿದ್ದದ್ದು ಬರೆದಿದ್ದಳು. ಕೊನೆಗೆ ಎರಡು ಸಾಲು ಜಾಸ್ತಿ: 'ಫ್ರಾನ್ಸ್ ಶರಣಾಗುವ ಮೊದಲು ಬ್ರಿಟನ್ ಅದಕ್ಕೆ, ನಾವಿಬ್ಬರೂ ಸೇರಿ ಒಂದೇ ದೇಶ ಆಗೋಣ ಎಂದು ಹೇಳಿ ಕಳಿಸಿತು. ಫ್ರಾನ್ಸಿನ ಮಂತ್ರಿಗಳು ಒಪ್ಪಲಿಲ್ಲ.' ಈ ಎರಡು ಸಾಲಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಪಕ್ಕದಲ್ಲಿ 'ಆಧಾರವಿಲ್ಲ' ಅಂತ ಬರಹ. 4ಕ್ಕೆ 2.

ತಿದ್ದಿದವರಿಗೆ ಫೋನ್ ಮಾಡಿದೆ. ಒಳ್ಳೆಯವರೇ. 'ಸರ್, ಕೀ ಆನ್ಸರ್‌ನಲ್ಲಿ ಇಲ್ಲ, ಪುಸ್ತಕದಲ್ಲೂ ಇಲ್ಲ. ವಾಟ್ಸಾಪ್‌ನಲ್ಲಿ ಏನೋ ಓದಿ ಬರೆದಿರಬೇಕು ಅಂದುಕೊಂಡೆ' ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮಧ್ಯಾಹ್ನ 80 ಪತ್ರಿಕೆ ತಿದ್ದುವವರು ಇನ್ನೇನು ತಾನೇ ಮಾಡಿಯಾರು? ಹುಡುಗಿ ಬರೆದದ್ದು ಮಾತ್ರ ಸುಳ್ಳಲ್ಲ. ಅದನ್ನು ಹೇಳಿಕೊಟ್ಟವನು ನಾನು. ಪುಸ್ತಕದಲ್ಲಿ ಇಲ್ಲದ್ದು ನಿಮ್ಮ ಕಡೆಯ ಕೊರತೆ. ಅದಕ್ಕೇ ಅವರನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಆ ದಿನದ ಕಥೆಯನ್ನು ನಾನು ತರಗತಿಯಲ್ಲಿ ಹೇಳುವ ಹಾಗೇ ಇಲ್ಲಿ ಹೇಳಿಬಿಡುತ್ತೇನೆ. ನಿಮಗೆ ಗೊತ್ತಿರುವುದೇ ಇರಬಹುದು, ಆದರೂ.

1940ರ ಮೇ 10ಕ್ಕೆ ಜರ್ಮನಿ ಪಶ್ಚಿಮಕ್ಕೆ ನುಗ್ಗಿತು. ಅದೇ ದಿನ ಚರ್ಚಿಲ್ ಬ್ರಿಟನ್ನಿನ ಪ್ರಧಾನಿಯಾದರು. ಜೂನ್ 4ರ ಹೊತ್ತಿಗೆ ಫ್ರಾನ್ಸಿನ ಡಂಕರ್ಕ್ ದಂಡೆಯಲ್ಲಿ ಸಿಕ್ಕಿಬಿದ್ದಿದ್ದ 3,38,000ಕ್ಕೂ ಹೆಚ್ಚು ಸೈನಿಕರನ್ನು ಬ್ರಿಟನ್ನಿಗೆ ದೋಣಿ, ಹಡಗು ಸಿಕ್ಕಿದ್ದರಲ್ಲಿ ತುಂಬಿಕೊಂಡು ಬಂದಿದ್ದರು. (ಆ ದಂಡೆಯಲ್ಲಿ ಭಾರತದಿಂದ ಹೋದ ಹೇಸರಗತ್ತೆ ತುಕಡಿಗಳೂ ಇದ್ದವು. ಹೆಚ್ಚಿನ ಮನುಷ್ಯರು ಪಾರಾದರು, ಹೇಸರಗತ್ತೆಗಳು ಅಲ್ಲೇ ಉಳಿದವು. ಮಕ್ಕಳು ಕೇಳುವ ಮೊದಲ ಪ್ರಶ್ನೆಯೇ ಆ ಹೇಸರಗತ್ತೆಗಳು ಏನಾದವು ಅಂತ.) ಜೂನ್ 14ಕ್ಕೆ ಪ್ಯಾರಿಸ್ ಹೋಯಿತು. ಫ್ರಾನ್ಸಿನ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಮೊದಲು ತೂರ್ ಊರಿಗೆ, ಆಮೇಲೆ ಬೋರ್ಡೋಗೆ ಓಡಿ ಬಂದಿತ್ತು. ಒಬ್ಬರನ್ನು ಬಿಟ್ಟು ಒಬ್ಬರೇ ಜರ್ಮನಿಯ ಜೊತೆ ಸಂಧಿ ಮಾಡಿಕೊಳ್ಳುವುದಿಲ್ಲ ಅಂತ ಎರಡೂ ದೇಶ ಮಾರ್ಚ್ 28ಕ್ಕೆ ಮಾತು ಕೊಟ್ಟುಕೊಂಡಿದ್ದವು. ಮೂರೇ ತಿಂಗಳಲ್ಲಿ ಆ ಮಾತಿನಿಂದ ನಮ್ಮನ್ನು ಬಿಡಿಸಿ ಅಂತ ಫ್ರಾನ್ಸಿನ ಮಂತ್ರಿಗಳು ಕೇಳತೊಡಗಿದರು.

ಆಗ ಲಂಡನ್ನಿನಲ್ಲಿ ಝಾನ್ ಮೊನೆ ಎಂಬ ಫ್ರೆಂಚ್ ಮನುಷ್ಯರಿದ್ದರು. ಕೊನ್ಯಾಕ್ ಊರಿನ ಬ್ರಾಂಡಿ ವ್ಯಾಪಾರದ ಮನೆತನ. ಎರಡೂ ದೇಶದ ಯುದ್ಧ ಸಾಮಗ್ರಿ ಖರೀದಿಯನ್ನು ಹೊಂದಿಸುವ ಸಮಿತಿ ಅವರ ಕೈಯಲ್ಲಿತ್ತು. ಅವರು, ಬ್ರಿಟನ್ನಿನ ವ್ಯಾನ್ಸಿಟಾರ್ಟ್, ಸಾಲ್ಟರ್ ಮುಂತಾದ ಕೆಲವರು ಕೂತು ಒಂದು ಘೋಷಣೆಯ ಕರಡು ಬರೆದರು. ಚರ್ಚಿಲ್‌ಗೆ ಮೊದಲು ಇದು ಹಿಡಿಸಲಿಲ್ಲ. ಆಗಿನ್ನೂ ಫ್ರಾನ್ಸಿನ ಕಿರಿಯ ಮಂತ್ರಿಯಾಗಿದ್ದ ಡಿ ಗಾಲ್ 16ರ ಬೆಳಿಗ್ಗೆ ಲಂಡನ್ನಿಗೆ ಬಂದರು. ಚರ್ಚಿಲ್ ಜೊತೆ ಊಟಕ್ಕೆ ಕೂತು, ಈಗ ಇಷ್ಟು ದೊಡ್ಡದೇ ಏನಾದರೂ ಬೇಕು ಅಂತ ಒತ್ತಾಯಿಸಿದರು. ಮಧ್ಯಾಹ್ನ 3ಕ್ಕೆ ಯುದ್ಧ ಸಂಪುಟ ಸೇರಿತು. ಸಾಮಾನ್ಯವಾಗಿ ಅಳೆದು ಸುರಿದು ಮಾತಾಡುವ ಮಂತ್ರಿಗಳೇ ಇದಕ್ಕೆ ಹೂಂ ಅಂದದ್ದು ನೋಡಿ ಚರ್ಚಿಲ್‌ಗೇ ಆಶ್ಚರ್ಯ. ರಾಜನಿಗೆ ತನ್ನ ಸಾಮ್ರಾಜ್ಯಕ್ಕೆ ಏನಾಗುತ್ತಿದೆ ಅನ್ನುವುದೇ ಇನ್ನೂ ಗೊತ್ತಿಲ್ಲ ಅಂತ ಪ್ರಧಾನಿಯ ಕಾರ್ಯದರ್ಶಿಯೊಬ್ಬರು ಅವತ್ತಿನ ಡೈರಿಯಲ್ಲಿ ಬರೆದುಕೊಂಡಿದ್ದಾರೆ.

ಘೋಷಣೆಯಲ್ಲಿ ಏನಿತ್ತು ಗೊತ್ತಾ? ಫ್ರಾನ್ಸ್ ಮತ್ತು ಬ್ರಿಟನ್ ಇನ್ನು ಎರಡು ರಾಷ್ಟ್ರಗಳಲ್ಲ, ಒಂದೇ ಒಕ್ಕೂಟ. ರಕ್ಷಣೆ, ವಿದೇಶಾಂಗ, ಹಣಕಾಸು ಎಲ್ಲಕ್ಕೂ ಜಂಟಿ ವ್ಯವಸ್ಥೆ. ಯುದ್ಧ ಮುಗಿಯುವವರೆಗೆ ಒಂದೇ ಯುದ್ಧ ಸಂಪುಟ, ಅದು ಎಲ್ಲಿಂದ ಆಳಲು ಆಗುತ್ತದೋ ಅಲ್ಲಿಂದ ಆಳುತ್ತದೆ. ಎರಡು ಸಂಸತ್ತುಗಳು ಜೊತೆಗೂಡುತ್ತವೆ. ಯುದ್ಧದಲ್ಲಿ ಯಾರ ಮನೆ ಬಿದ್ದರೂ ಕಟ್ಟುವ ಖರ್ಚು ಇಬ್ಬರದೂ. ಫ್ರಾನ್ಸಿನ ಪ್ರತಿ ನಾಗರಿಕನಿಗೂ ತಕ್ಷಣ ಬ್ರಿಟನ್ನಿನ ಪೌರತ್ವ, ಬ್ರಿಟನ್ನಿನ ಪ್ರತಿ ಪ್ರಜೆಯೂ ಫ್ರಾನ್ಸಿನ ನಾಗರಿಕ. ಈ ಕಡೆಯ ಸಾಲನ್ನು ನೆನಪಿಟ್ಟುಕೊಳ್ಳಿ. ಅದಕ್ಕೆ ಮತ್ತೆ ಬರುತ್ತೇನೆ.

ಸಂಜೆ ನಾಲ್ಕೂವರೆ ಹೊತ್ತಿಗೆ ಡಿ ಗಾಲ್ ಲಂಡನ್ನಿನಿಂದ ಬೋರ್ಡೋಗೆ ಫೋನ್ ಮಾಡಿದರು. ಆ ಕಡೆ ಪ್ರಧಾನಿ ರೆನೊ. ಡಿ ಗಾಲ್ ಒಂದೊಂದೇ ಸಾಲು ಹೇಳುತ್ತಾ ಹೋದರು, ರೆನೊ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಾ ಹೋದರು. ಒಂದು ದೇಶದ ಪ್ರಧಾನಿ, ತನ್ನ ದೇಶ ಇನ್ನೊಂದು ದೇಶದ ಜೊತೆ ಸೇರುವ ಕಾಗದವನ್ನು ಶಾಲೆಯ ಹುಡುಗ ಡಿಕ್ಟೇಶನ್ ಬರೆದ ಹಾಗೆ ಬರೆದುಕೊಳ್ಳುತ್ತಿದ್ದಾನೆ. ನಾನು ಇದನ್ನು ಹೇಳುವಾಗ ಕ್ಲಾಸಿನಲ್ಲಿ ಒಂದು ಸೀಮೆಸುಣ್ಣ ಬಿದ್ದರೂ ಕೇಳಿಸುತ್ತದೆ. ನಡುವೆ ಚರ್ಚಿಲ್ ರಿಸೀವರ್ ತೆಗೆದುಕೊಂಡು, ಗಟ್ಟಿಯಾಗಿ ನಿಲ್ಲಿ ಅಂತ ಧೈರ್ಯ ಹೇಳಿದರು. ರೆನೊಗೆ ಹೋದ ಜೀವ ಬಂದ ಹಾಗಾಯಿತು. ಇದಕ್ಕಾಗಿ ಪ್ರಾಣ ಬೇಕಾದರೂ ಕೊಡುತ್ತೇನೆ ಅಂದರು.

ಫ್ರಾನ್ಸಿನ ಸಂಪುಟದ ಸಭೆಯಲ್ಲಿ ರೆನೊ ಅದನ್ನು ಎರಡು ಸಲ ಓದಿದರು. ಉಳಿದವರ ಮುಖ ಅರಳಲಿಲ್ಲ. ಮುದುಕ ಮಾರ್ಷಲ್ ಪೆತಾನ್‌ಗೆ ಇದು ಹೆಣದ ಜೊತೆ ಒಂದಾಗುವ ಮಾತು. ಬ್ರಿಟನ್ನಿನ ಕಥೆಯೂ ಇನ್ನು ಕೆಲವೇ ದಿನ ಅಂತ ಅವರ ಲೆಕ್ಕ. ಇನ್ನೊಬ್ಬ ಮಂತ್ರಿ ಇಬಾರ್ನೆಗರೆ, ಅದಕ್ಕಿಂತ ನಾಜಿಗಳ ಪ್ರಾಂತ್ಯವಾಗುವುದೇ ವಾಸಿ, ಅದು ಏನು ಅಂತಾದರೂ ನಮಗೆ ಗೊತ್ತು ಅಂದುಬಿಟ್ಟರು. ಮತ್ತೊಬ್ಬ ಮಂತ್ರಿ ಶೊತಾಂಗೆ ಬೇರೆಯೇ ಸಂಕಟ: ಫ್ರಾನ್ಸ್ ಬ್ರಿಟನ್ನಿನ ಡೊಮಿನಿಯನ್ (ಬ್ರಿಟನ್ನಿನ ರಾಜನ ಕೆಳಗೇ ಇದ್ದು ತನ್ನ ಆಡಳಿತ ತಾನು ನೋಡಿಕೊಳ್ಳುವ ದೇಶ) ಆಗಬಾರದು. ಈ 'ಡೊಮಿನಿಯನ್' ಪದವನ್ನೂ ಒಂದು ಕಡೆ ಇಟ್ಟುಕೊಂಡಿರಿ. ಮತಕ್ಕೆ ಹಾಕುವ ಮಟ್ಟಕ್ಕೂ ವಿಷಯ ಬರಲಿಲ್ಲ. ರಾತ್ರಿಯ ಹೊತ್ತಿಗೆ ರೆನೊ ರಾಜೀನಾಮೆ ಕೊಟ್ಟಿದ್ದರು.

ಲಂಡನ್ನಿನಲ್ಲಿ ಚರ್ಚಿಲ್ ಆ ಹೊತ್ತಿಗೆ ವಾಟರ್‌ಲೂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಿದ್ದರು. ರೈಲಿನಲ್ಲಿ ಸೌತಾಂಪ್ಟನ್, ಅಲ್ಲಿಂದ ಯುದ್ಧನೌಕೆಯಲ್ಲಿ ಫ್ರಾನ್ಸಿನ ಕರಾವಳಿ, ಮರುದಿನ ಸಹಿಯ ಮಾತು. ಹೆಂಡತಿ ಬೀಳ್ಕೊಡಲು ಬಂದಿದ್ದರು. ರೈಲು ಹೊರಡಲೇ ಇಲ್ಲ. ಸುದ್ದಿ ಬಂತು, ಇಳಿದು ಮನೆಗೆ ಹೋದರು.

ಜೂನ್ 22ಕ್ಕೆ ಫ್ರಾನ್ಸ್ ಜರ್ಮನಿಯ ಜೊತೆ ಕದನವಿರಾಮಕ್ಕೆ ಸಹಿ ಹಾಕಿತು. ಜುಲೈ 3ಕ್ಕೆ ಅಲ್ಜೀರಿಯಾದ ಮೆರ್ಸ್ ಎಲ್ ಕೆಬೀರ್ ಬಂದರಿನಲ್ಲಿ ಬ್ರಿಟನ್ನಿನ ನೌಕಾಪಡೆ ಫ್ರಾನ್ಸಿನ ಹಡಗುಗಳ ಮೇಲೆ ಗುಂಡು ಹಾರಿಸಿತು. ಆ ಹಡಗುಗಳು ಹಿಟ್ಲರ್ ಕೈಗೆ ಸಿಗಬಾರದು ಅಂತ. 1,297 ಫ್ರೆಂಚ್ ನಾವಿಕರು ಸತ್ತರು. ಜೂನ್ 16ರಿಂದ ಜುಲೈ 3ಕ್ಕೆ ಎಷ್ಟು ದಿನ ಅಂತ ಮಕ್ಕಳಿಗೆ ಬೆರಳಲ್ಲಿ ಎಣಿಸಲು ಹೇಳುತ್ತೇನೆ. 17. ನಾವಿಬ್ಬರೂ ಒಂದೇ ದೇಶ ಆಗೋಣ ಅಂದವರು 17 ದಿನಕ್ಕೆ ಪರಸ್ಪರ ಗುಂಡು ಹಾರಿಸಿಕೊಂಡರು. ಒಂದು ತಿಂಗಳ ಒಳಗೆ ಇಷ್ಟೆಲ್ಲ ನಡೆದಿದೆ, ಪುಸ್ತಕದಲ್ಲಿ 'ಫ್ರಾನ್ಸ್ ಶರಣಾಯಿತು' ಅಂತ ಎರಡು ಪದ. ಸರಿನಾ ಇದು?

ನೀವು ಹೇಳಬಹುದು: ನಡೆಯದೇ ಹೋದ ವಿಷಯ, ಒಂದು ಸಂಜೆಯ ಹುಚ್ಚು, ಅದಕ್ಕೆ ಮಕ್ಕಳ ತಲೆ ಯಾಕೆ ತಿನ್ನಬೇಕು? ಒಂದೇ ಸಂಜೆಯದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಅದೇ ಲಂಡನ್ನಿನಲ್ಲಿ ಊರು ಕಳೆದುಕೊಂಡ ಇನ್ನೆಷ್ಟೋ ಸರ್ಕಾರಗಳು ಬಾಡಿಗೆ ಮನೆ ಹಿಡಿದಿದ್ದವು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ನೋಡಿ. 1938ರಲ್ಲಿ ಹಿಟ್ಲರ್ ಚೆಕ್ ಗಡಿನಾಡನ್ನು ಕಿತ್ತುಕೊಂಡಾಗ, ಇದೇ ಸಮಯ ಅಂತ ಪೋಲೆಂಡ್ ಕೂಡ ತೆಶಿನ್ ಭಾಗವನ್ನು ಒಳಗೆ ಹಾಕಿಕೊಂಡಿತ್ತು. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಬೇಲಿ ಸರಿಸಿದ ಹಾಗೆ. ಎರಡೇ ವರ್ಷದಲ್ಲಿ ಇಬ್ಬರಿಗೂ ಮನೆ ಇರಲಿಲ್ಲ. 1940ರ ನವೆಂಬರ್ 11ಕ್ಕೆ ಪೋಲೆಂಡಿನ ಸಿಕೋರ್ಸ್ಕಿ ಮತ್ತು ಚೆಕೊಸ್ಲೊವಾಕಿಯಾದ ಬೆನೆಶ್ ಸರ್ಕಾರಗಳು ಸೇರಿ, ಯುದ್ಧ ಮುಗಿದ ಮೇಲೆ ನಾವು ಒಕ್ಕೂಟವಾಗುತ್ತೇವೆ ಅಂತ ಸಾರಿದವು. 1942ರ ಜನವರಿಯಲ್ಲಿ ಒಪ್ಪಂದವೂ ಆಯಿತು. ಅದೇ ಜನವರಿಯ 15ಕ್ಕೆ ಗ್ರೀಸ್ ಮತ್ತು ಯುಗೊಸ್ಲಾವಿಯಾದ ಸರ್ಕಾರಗಳೂ ಬಾಲ್ಕನ್ ಒಕ್ಕೂಟಕ್ಕೆ ಸಹಿ ಹಾಕಿದವು.

ಎರಡೂ ಕೂಡಿ ಬರಲಿಲ್ಲ. ತನ್ನ ಗಡಿಯಲ್ಲಿ ಇಂಥ ಗುಂಪು ಕಟ್ಟುವುದು ಸೋವಿಯತ್ ರಷ್ಯಾಕ್ಕೆ ಬೇಡವಾಗಿತ್ತು. 1943ರ ಏಪ್ರಿಲ್‌ನಲ್ಲಿ ಸೋವಿಯತ್ ಪೊಲೀಸರು ಕಟೀನ್ ಕಾಡಿನಲ್ಲಿ ಕೊಂದು ಹೂತಿದ್ದ ಪೋಲೆಂಡಿನ ಸೇನಾಧಿಕಾರಿಗಳ ಹೆಣಗಳ ವಿಷಯ ಹೊರಬಿದ್ದು ಪೋಲೆಂಡಿಗೂ ಮಾಸ್ಕೋಗೂ ಸಂಬಂಧ ಕಡಿಯಿತು. ಜುಲೈನಲ್ಲಿ ಸಿಕೋರ್ಸ್ಕಿ ಜಿಬ್ರಾಲ್ಟರ್‌ನ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಡಿಸೆಂಬರ್‌ನಲ್ಲಿ ಬೆನೆಶ್ ಮಾಸ್ಕೋಗೆ ಹೋಗಿ ಬೇರೆ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿಗೆ ಮುಗಿಯಿತು.

ಆದರೆ ಒಂದು ಬದುಕಿತು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್ 1944ರ ಸೆಪ್ಟೆಂಬರ್ 5ಕ್ಕೆ ಅದೇ ಲಂಡನ್ನಿನಲ್ಲಿ ಸುಂಕದ ಒಕ್ಕೂಟಕ್ಕೆ ಸಹಿ ಹಾಕಿದವು. ಇವರು ಒಂದೇ ದೇಶ ಆಗೋಣ ಅನ್ನಲಿಲ್ಲ, ನಮ್ಮ ನಡುವೆ ಸುಂಕ ಬೇಡ ಅಂದರು, ಅಷ್ಟೇ. ಅದು 1948ರಲ್ಲಿ ಜಾರಿಗೆ ಬಂತು. ಮೊನೆ ಕೂಡ ಇದೇ ದಾರಿ ಹಿಡಿದರು. 1950ರ ಮೇ 9ಕ್ಕೆ ಫ್ರಾನ್ಸಿನ ವಿದೇಶಾಂಗ ಮಂತ್ರಿ ಶುಮನ್ ಮಾಡಿದ ಘೋಷಣೆಯ ಹಿಂದೆ ಇದ್ದವರು ಅವರೇ. ಈ ಸಲ ಧ್ವಜ, ಪೌರತ್ವದ ಮಾತಿಲ್ಲ, ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತಕ್ಕೆ ಒಪ್ಪಿಸುವ ಮಾತು. ಯುರೋಪಿಯನ್ ಒಕ್ಕೂಟ ಬೆಳೆದದ್ದು ಆ ಬೇರಿನಿಂದ. ಆ ಒಕ್ಕೂಟದ ಪಾಠ ನಿಮ್ಮ ಪುಸ್ತಕದಲ್ಲಿದೆ. ಆದರೆ ಅದು ಆಕಾಶದಿಂದ ಉದುರಿದ ಹಾಗೆ ಶುರುವಾಗುತ್ತದೆ. ಬೋರ್ಡೋದಲ್ಲಿ ಸೋತ ಮನುಷ್ಯನೇ ಹತ್ತು ವರ್ಷದ ಮೇಲೆ ಮತ್ತೆ ಬಂದ ಅಂತ ಒಂದು ಸಾಲು ಇದ್ದರೆ ಎರಡು ಪಾಠಗಳು ಕೂಡಿಕೊಳ್ಳುತ್ತವೆ, ಅಲ್ವಾ?

ಇನ್ನೊಂದು ತಮಾಷೆ. 1956ರ ಸೆಪ್ಟೆಂಬರ್ 10ಕ್ಕೆ, ನಮ್ಮ ಕಡೆ ಏಕೀಕರಣಕ್ಕೆ ಎರಡು ತಿಂಗಳೂ ಇಲ್ಲದಾಗ, ಫ್ರಾನ್ಸಿನ ಪ್ರಧಾನಿ ಗಿ ಮೊಲೆ ಲಂಡನ್ನಿಗೆ ಬಂದು ಅದೇ ಒಕ್ಕೂಟದ ಮಾತನ್ನು ಮತ್ತೆ ಎತ್ತಿದರು. ಸೂಯೆಜ್ ಕಾಲುವೆಯನ್ನು ಈಜಿಪ್ಟ್ ತನ್ನ ಕೈಗೆ ತೆಗೆದುಕೊಂಡ ಗಲಾಟೆಯ ಹೊತ್ತು ಅದು. ಈ ಸಲ ಬೇಡ ಅಂದದ್ದು ಬ್ರಿಟನ್. ಆ ಕಾಗದಗಳು ದಫ್ತರದಲ್ಲಿ ಬಿದ್ದಿದ್ದು, ಜನರ ಕಣ್ಣಿಗೆ ಬಿದ್ದದ್ದು 2007ರಲ್ಲಿ.

ಈಗ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ದೂರು ಇರುವುದೇ ಇಲ್ಲಿ.

ಪೌರತ್ವದ ಸಾಲನ್ನು ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: 'ಸರ್, ನಾವೂ ಆಗ ಬ್ರಿಟಿಷರ ಪ್ರಜೆಗಳೇ ಅಲ್ರೀ? ಹಂಗಾದ್ರ ನಮ್ಮ ಮುತ್ತಜ್ಜ ಫ್ರಾನ್ಸಿನಾಂವ ಆಗ್ತಿದ್ನೇನ್ರೀ?' ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಘೋಷಣೆಯಲ್ಲಿ ಇದ್ದದ್ದು ಬ್ರಿಟನ್ನಿನ 'ಪ್ರಜೆ' ಅಂತಲೇ. ಬ್ರಿಟಿಷ್ ಇಂಡಿಯಾದಲ್ಲಿ ಹುಟ್ಟಿದವರು ಕಾಯ್ದೆಯ ಪ್ರಕಾರ ಬ್ರಿಟಿಷ್ ಪ್ರಜೆಗಳೇ. ಅಂದರೆ ಕಾಗದದ ಲೆಕ್ಕದಲ್ಲಿ ಮುಂಬಯಿ ಪ್ರಾಂತ್ಯದ ಹುಬ್ಬಳ್ಳಿಯವನು, ಮದ್ರಾಸ್ ಪ್ರಾಂತ್ಯದ ಮಂಗಳೂರು, ಬಳ್ಳಾರಿಯವನು, ಮಡಿಕೇರಿಯವನು ಎಲ್ಲರೂ ಅವತ್ತು ರಾತ್ರಿ ಫ್ರಾನ್ಸಿನ ನಾಗರಿಕರು! ಮೈಸೂರು ಸಂಸ್ಥಾನದವರು, ನಿಜಾಮನ ರಾಜ್ಯದ ಕಲಬುರಗಿ, ರಾಯಚೂರಿನವರು ಅಲ್ಲ. ಅವರು ಬ್ರಿಟಿಷ್ ಪ್ರಜೆಗಳಲ್ಲ, ಬರೀ ಬ್ರಿಟಿಷ್ ರಕ್ಷಣೆಯಲ್ಲಿ ಇದ್ದವರು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಮಂಡ್ಯ ಕಡೆಯ ನಮ್ಮ ಗಣಿತದ ಮೇಡಂ, 'ನಾವೇನು ಪಾಪ ಮಾಡಿದ್ವಿ ಸಾರ್, ನಮಗೆ ಪ್ಯಾರಿಸ್ ಇಲ್ವಾ?' ಅಂದರು. ಅತ್ತ ಫ್ರಾನ್ಸಿನ ವಸಾಹತುಗಳ ಬಹುಪಾಲು ಜನರನ್ನು ಫ್ರಾನ್ಸ್ 'ನಾಗರಿಕ' ಅಂತಲೇ ಕರೆಯುತ್ತಿರಲಿಲ್ಲ. ಅವರಿಗೆ ಲಂಡನ್ನೂ ಇಲ್ಲ.

ಕರಡು ಬರೆದವರ ತಲೆಯಲ್ಲಿ ಹುಬ್ಬಳ್ಳಿ ಇರಲಿಲ್ಲ ಅಂತ ನಾನು ಬೇಕಾದರೆ ಬಾಜಿ ಕಟ್ಟುತ್ತೇನೆ. ನನ್ನ ಮಾತೂ ಅದೇ. 1939ರ ಸೆಪ್ಟೆಂಬರ್ 3ಕ್ಕೆ ವೈಸರಾಯ್ ಲಿನ್ಲಿತ್‌ಗೋ ಇಲ್ಲಿಯ ಒಬ್ಬ ನಾಯಕರನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಸಾರಿದರು. 1940ರ ಜೂನ್‌ನಲ್ಲಿ ಅದೇ ಸರ್ಕಾರ, ಸಮುದ್ರದಾಚೆಯ ನೆರೆಯವನಿಗೆ ಒಂದು ಮಧ್ಯಾಹ್ನದಲ್ಲಿ ಪೌರತ್ವ, ಸಂಪುಟ, ಖಜಾನೆ ಎಲ್ಲದರಲ್ಲೂ ಪಾಲು ಕೊಡಲು ತಯಾರಾಯಿತು. ಎರಡು ತಿಂಗಳೂ ಆಗಲಿಲ್ಲ, ಆಗಸ್ಟ್ 8ಕ್ಕೆ ನಮಗೆ 'ಆಗಸ್ಟ್ ಕೊಡುಗೆ' ಬಂತು: ಯುದ್ಧ ಮುಗಿದ ಮೇಲೆ ನೋಡೋಣ, ಮುಂದೆ ಯಾವಾಗಲೋ ಡೊಮಿನಿಯನ್ ಸ್ಥಾನಮಾನ. ಒಂದು ಕಡೆ ಇಟ್ಟುಕೊಳ್ಳಿ ಅಂದಿದ್ದೆನಲ್ಲ, ಅದೇ ಪದ. ಬೋರ್ಡೋದ ಮಂತ್ರಿಗೆ ಯಾವುದು ಅವಮಾನವಾಗಿ ಕಂಡಿತೋ ಅದೇ ನಮಗೆ ಉಡುಗೊರೆ, ಅದೂ ಉದ್ದರಿ. ಕಾಂಗ್ರೆಸ್ ಬೇಡ ಅಂದಿತು. ಅಕ್ಟೋಬರ್‌ನಲ್ಲಿ ವಿನೋಬಾ ವೈಯಕ್ತಿಕ ಸತ್ಯಾಗ್ರಹಕ್ಕೆ ಕೂತರು.

ಪುಸ್ತಕದಲ್ಲಿ ಆಗಸ್ಟ್ ಕೊಡುಗೆ ಸ್ವಾತಂತ್ರ್ಯ ಹೋರಾಟದ ಅಧ್ಯಾಯದಲ್ಲಿದೆ, ಮಹಾಯುದ್ಧ ಎಲ್ಲೋ ದೂರದ ಇನ್ನೊಂದು ಅಧ್ಯಾಯದಲ್ಲಿ. ಎರಡರ ನಡುವೆ ಮಕ್ಕಳಿಗೆ ಭೂಗೋಳ, ಬ್ಯಾಂಕು, ಗ್ರಾಹಕರ ಹಕ್ಕು ಎಲ್ಲ ಬಂದು ಹೋಗಿರುತ್ತದೆ. ಕೊಡುಗೆಯನ್ನು ನಮ್ಮವರು ಯಾಕೆ ಒದ್ದರು ಅಂತ ಕೇಳಿದರೆ ಮಕ್ಕಳು 'ಅದು ತೃಪ್ತಿಕರವಾಗಿರಲಿಲ್ಲ' ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ವರ್ಷ ಮಾತ್ರ ನನ್ನ ಕ್ಲಾಸಿನಲ್ಲಿ ಯಾರೂ ಆ ಉತ್ತರ ಬರೆಯಲಿಲ್ಲ. ಸಿಟ್ಟಿನಿಂದ ಬರೆದರು. ಒಬ್ಬನಂತೂ ಚರ್ಚಿಲ್‌ಗೆ ಏಕವಚನ ಹಚ್ಚಿದ್ದ, ತಿದ್ದಿದೆ.

ಹಾಗಾಗಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಪುಸ್ತಕ ತಿದ್ದುವಾಗ ಜೂನ್ 16ಕ್ಕೆ ಅರ್ಧ ಪುಟ ಕೊಡಿ. 'ನಿಮಗಿದು ತಿಳಿದಿರಲಿ' ಅಂತ ಬಣ್ಣದ ಡಬ್ಬಿಯೊಳಗೆ ಹಾಕಬೇಡಿ. ಡಬ್ಬಿಯಲ್ಲಿದ್ದದ್ದು ಪರೀಕ್ಷೆಗೆ ಬರುವುದಿಲ್ಲ ಅಂತ ಮಕ್ಕಳಿಗೆ ಆರನೇ ಕ್ಲಾಸಿನಲ್ಲೇ ಗೊತ್ತಾಗಿರುತ್ತದೆ. ಘೋಷಣೆ ತುಂಬಾ ಚಿಕ್ಕದು, ಅದರ ಕನ್ನಡ ರೂಪವನ್ನೇ ಹಾಕಿ. ನಿಮ್ಮ ವಿವರಣೆ ಕಡಿಮೆ ಇದ್ದರೂ ನಡೆಯುತ್ತದೆ, ಮಕ್ಕಳು ತಾವೇ ಓದಿ ಜಗಳವಾಡಲಿ. ಅದರ ಎದುರು ಪುಟದಲ್ಲಿ ಆಗಸ್ಟ್ ಕೊಡುಗೆಯ ನಾಲ್ಕು ಸಾಲು ಇರಲಿ. ಪೋಲೆಂಡ್-ಚೆಕ್ ಒಕ್ಕೂಟಕ್ಕೆ ಒಂದು ವಾಕ್ಯ ಸಿಕ್ಕರೆ ಸಂತೋಷ, ಸಿಗದಿದ್ದರೆ ಹಟ ಮಾಡುವುದಿಲ್ಲ.

ಜಾಗ ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಯುದ್ಧದ ಪಾಠದ ಕೊನೆಗಿರುವ ಪರಿಣಾಮಗಳ ಪಟ್ಟಿಯಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿದ್ದೀರಿ. ಅಲ್ಲಿಂದ ತೆಗೆಯಿರಿ. ಯಾವ ಸಾಲುಗಳು ಅಂತ ಗುರುತು ಹಾಕಿದ ಪ್ರತಿಯನ್ನು ಕಳಿಸಿಕೊಡುತ್ತೇನೆ.

ಕೀ ಆನ್ಸರ್ ಬರೆಯುವವರಿಗೂ ಒಂದು ಸಾಲು ಹೇಳಿ. ಪುಸ್ತಕದಲ್ಲಿ ಇಲ್ಲದ್ದನ್ನು ಮಗು ಬರೆದಿದ್ದರೆ ಗೀಟು ಹಾಕುವ ಮೊದಲು ಶಾಲೆಗೆ ಒಂದು ಫೋನ್ ಮಾಡಲಿ. ನಮ್ಮ ಹುಡುಗಿಯ ಆ 2 ಅಂಕ ವಾಪಸ್ ಬರಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ತಾನೇ ಅಂತ ಎಲ್ಲರೂ ಸಮಾಧಾನ ಮಾಡಿದರು. ಮಾರ್ಚ್‌ನ ಪರೀಕ್ಷೆಯಲ್ಲಿ ಮತ್ತೆ ಯುದ್ಧದ ಪ್ರಶ್ನೆ ಬಂದಿತ್ತು. ಹೊರಗೆ ಬಂದವಳನ್ನು, ಆ ಎರಡು ಸಾಲು ಬರೆದೆಯಾ ಅಂತ ಕೇಳಿದೆ. 'ಇಲ್ರೀ ಸರ್, ಬಿಟ್ಟೆ' ಅಂದಳು.

ಇಂತಿ ನಮಸ್ಕಾರಗಳು,
ಧಾರವಾಡ ಜಿಲ್ಲೆಯ ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರು